ತೊಂಬತ್ತೇಳರಲ್ಲಿ ಬಾಗಿಲು ತೆಗೆದವನು

ನಡುಮನೆಯ ಗೋಡೆಯಿಂದ ನನ್ನ ಫೋಟೋ ಇಳಿಸಿದ್ದನ್ನು ನಾನು ಇನ್ನೂ ಮರೆತಿಲ್ಲ. ಮರೆಯುವುದೂ ಇಲ್ಲ. ಯಾರಾದರೂ ‘ಹೋಗಲಿ ಬಿಡಿ’ ಎಂದರೆ ಅವರ ಮನೆಯ ಗೋಡೆಯಿಂದ ಅವರ ಫೋಟೋ ಇಳಿಸಲಿ, ಆಮೇಲೆ ಮಾತಾಡೋಣ.

ಅದು ಸುಮ್ಮನೆ ಬಂದ ಫೋಟೋ ಅಲ್ಲ. ನಾನು ಬೀಗ ರಿಪೇರಿ ಮಾಡುವವನು. ಬ್ಯಾಂಕಿನ ತಿಜೋರಿ ಒಂದು ಸಲ ಕೈಕೊಟ್ಟು, ಕಂಪನಿಯವರು ಬರಲು ಮೂರು ದಿನ ಎಂದಾಗ ನನ್ನನ್ನು ಕರೆಸಿದರು. ನಲವತ್ತು ನಿಮಿಷ. ಬಾಗಿಲು ತೆರೆದುಕೊಂಡಿತು. ಮ್ಯಾನೇಜರು ಕೈಕುಲುಕಿದರು, ಯಾರೋ ಫೋಟೋ ತೆಗೆದರು. (ಮ್ಯಾನೇಜರು ಪೂರ್ತಿ ಬಂದಿದ್ದಾರೆ. ನಾನು ಮುಕ್ಕಾಲು ಬಂದಿದ್ದೇನೆ. ಒಂದು ಕಿವಿ ಚೌಕಟ್ಟಿನ ಆಚೆ ಹೋಗಿದೆ. ಗುರುತು ಹಿಡಿಯುವವರು ಹಿಡಿಯುತ್ತಾರೆ.)

ಹನ್ನೊಂದು ವರ್ಷ ಗೋಡೆಯ ಮೇಲೆ ಮೆರೆದ ಆ ಫೋಟೋ ಈಗ ಬೀರುವಿನ ಮೇಲೆ, ಹಳೇ ಸೂಟ್‌ಕೇಸಿನ ಹಿಂದೆ ಬೆನ್ನು ತಿರುಗಿಸಿ ನಿಂತಿದೆ. ಅದೇ ಮೊಳೆಗೆ ಬಂದು ನೇತುಹಾಕಿಕೊಂಡವನು ಕ್ರಿಕೆಟ್ ಆಡುವವನು. ಜನ ಅವನನ್ನು ‘ಬಿರುಗಾಳಿ’ ಎನ್ನುತ್ತಾರೆ. ಒಂದು ಕೈಯಲ್ಲಿ ಬ್ಯಾಟು, ಇನ್ನೊಂದು ಕೈಯಲ್ಲಿ ಬೀಗ. ಹೌದು, ಬೀಗ! ಸೋಪು ಮಾರಿದ, ಬನಿಯನ್ನು ಮಾರಿದ, ನೀರಿನ ಟ್ಯಾಂಕು ಮಾರಿದ, ನಾನು ಚಕಾರ ಎತ್ತಲಿಲ್ಲ. ಕೊನೆಗೆ ನನ್ನ ಹೊಟ್ಟೆಗೇ ಕೈಹಾಕಿದ. ಗಿರಾಕಿಗಳು ಅಂಗಡಿಗೆ ಬಂದು ‘ಬಿರುಗಾಳಿ ಬೀಗ ಇದೆಯಾ?’ ಎಂದು ಕೇಳುತ್ತಾರೆ. ಆ ಬೀಗವನ್ನು ನಾನು ಹೆಂಡತಿಯ ಹೇರ್‌ಪಿನ್ನಿನಿಂದ ಮೂವತ್ತು ಎಣಿಸುವುದರೊಳಗೆ ತೆಗೆದು ತೋರಿಸಿದೆ.

“ಹೇರ್‌ಪಿನ್ ಸೊಟ್ಟ ಮಾಡಿಬಿಟ್ರಲ್ಲ!” ಅಂದಳು. ಅಷ್ಟೇ ಅವಳಿಗೆ ಕಂಡದ್ದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೂ ಹೋಗಿದ್ದೆ, ಎರಡು ವಾರ. ಆದರೆ ಒಂದು ಪ್ರಶ್ನೆಗೆ ಹೆಚ್ಚು ಓದಿದವರೂ ನನಗೆ ಉತ್ತರ ಕೊಟ್ಟಿಲ್ಲ. ಇವನು ಯಾವ ಲೆಕ್ಕದಲ್ಲಿ ವೀರ? ತಲೆಗೆ ಶಿರಸ್ತ್ರಾಣ, ಕಾಲಿಗೆ ಕವಚ, ಕೈಗೆ ಮೆತ್ತನೆಯ ಗವಸು, ಹೇಳಬಾರದ ಜಾಗಕ್ಕೂ ಒಂದು ಬಟ್ಟಲು. ಇಷ್ಟೆಲ್ಲ ಕಟ್ಟಿಕೊಂಡು ಒಂದು ಚೆಂಡಿನ ಎದುರು ನಿಲ್ಲುತ್ತಾನೆ. ನಾನು ಬರಿಗೈಲಿ ಕೆಲಸ ಮಾಡುವವನು. ಒಳಗೆ ಮಗು ಅಳುತ್ತಿರುತ್ತದೆ, ಹೊರಗೆ ತಾಯಿ ನನ್ನ ಅಂಗಿ ಹಿಡಿದು ಜಗ್ಗುತ್ತಿರುತ್ತಾಳೆ, ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ. ಬಾಗಿಲು ತೆಗೆದ ಮೇಲೆ ಸ್ಟೇಡಿಯಂ ಎದ್ದು ನಿಲ್ಲುತ್ತದೆಯೇ? ‘ಇಷ್ಟಕ್ಕೆ ಇಷ್ಟೊಂದಾ?’ ಎಂದು ಚೌಕಾಸಿ ಮಾಡುತ್ತಾರೆ. ಅವನು ಸೊನ್ನೆಗೆ ಔಟಾದರೆ ‘ಪಾಪ, ಫಾರ್ಮ್ ಇಲ್ಲ’ ಎನ್ನುವ ಜನ ನನ್ನ ಒಂದು ಕೀಲಿ ತಿರುಗದಿದ್ದರೆ ನನ್ನ ವಂಶವನ್ನೇ ಜಾಲಾಡುತ್ತಾರೆ. ನನಗೆ ಫಾರ್ಮ್ ಇರಬಾರದೇ?

ಇದನ್ನೇ ಆ ಭಾನುವಾರ ಬೆಳಗ್ಗೆ ಹೇಳಿದೆ. ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಎದುರುಮನೆಯ ನರ್ಸಮ್ಮ ಕಿಟಕಿ ಹಾಕಿಕೊಂಡರಂತೆ.

“ಅಪ್ಪಾ, ಅವರು ಆಡಿದ್ರೆ ಕೋಟಿ ಜನಕ್ಕೆ ಖುಷಿ. ನೀವು ಬೀಗ ತೆಗೆದ್ರೆ ಒಬ್ಬರಿಗೆ ಖುಷಿ,” ಎಂದಳು ಮಗಳು. ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಓದುತ್ತಾಳೆ.

“ಆ ಕೋಟಿ ಜನ ಕೀಲಿ ಒಳಗಿಟ್ಟು ಬಾಗಿಲು ಹಾಕಿಕೊಳ್ಳಲಿ, ಆವಾಗ ಗೊತ್ತಾಗುತ್ತೆ!”

“ರೀ, ನಿಮಗೆ ಹೊಟ್ಟೆಕಿಚ್ಚು,” ಎಂದಳು ಹೆಂಡತಿ, ಬಟ್ಟೆ ಮಡಚುತ್ತಾ.

“ನನಗಾ? ಹೊಟ್ಟೆಕಿಚ್ಚಾ? ಆ ಚೆಂಡು ಹೊಡೆಯೋನ ಮೇಲಾ? ಇಳಿಸೇ ಆ ಪಟಾನ!”

“ಹಾಗಾದ್ರೆ ಪಂದ್ಯ ಕಟ್ಟೋಣ. ಇವತ್ತು ಫೈನಲ್ಲು. ಅವನು ನೂರು ಹೊಡೆದ್ರೆ ಪಟ ಅಲ್ಲೇ ಇರುತ್ತೆ, ನೀವು ಇನ್ನು ಆ ಮಾತೇ ಎತ್ತಬಾರದು. ಹೊಡೀದೇ ಇದ್ರೆ ನಾನೇ ಕುರ್ಚಿ ಹಾಕ್ಕೊಂಡು ಇಳಿಸಿ ನಿಮ್ಮ ಕಿವಿ ಇಲ್ಲದ ಫೋಟೋ ಹಾಕ್ತೀನಿ.”

“ಒಂದು ಕಿವಿ ಇದೆ!”

“ಆಯ್ತು, ಒಂದು ಕಿವಿದು.”

ನಾನು ಒಪ್ಪಿದೆ. ಒಪ್ಪುವಾಗ ಒಂದು ಸಂಗತಿ ಮರೆತೆ. ಅದನ್ನು ನಿಮಗೆ ಹೇಳಿಬಿಡಬೇಕು.

ನಮ್ಮ ಮನೆಯಲ್ಲಿ ಕೆಲವು ವಾರಗಳಿಂದ ಒಂದು ನಂಬಿಕೆ ಬೇರುಬಿಟ್ಟಿತ್ತು. ಒಂದು ಮ್ಯಾಚಿನ ದಿನ ನಾನು ಸ್ನಾನಕ್ಕೆ ಹೋದಾಗ ಬಿರುಗಾಳಿ ಸಾಲಾಗಿ ನಾಲ್ಕು ಬೌಂಡರಿ ಹೊಡೆದನಂತೆ. ತಲೆ ಒರೆಸಿಕೊಂಡು ಹೊರಗೆ ಬಂದೆ, ಔಟಾದನಂತೆ. ಮುಂದಿನ ಮ್ಯಾಚಿನಲ್ಲೂ ಹಾಗೇ ಆಯಿತು. ಮೂರನೆಯದರಲ್ಲಿ ನಾನು ಬರೀ ಕೈ ತೊಳೆದು ಬಂದೆ, ಅಷ್ಟಕ್ಕೇ ಅವನ ಕಾಲು ನೋವಾಗಿ ಪೆವಿಲಿಯನ್ನಿಗೆ ಹೋದನಂತೆ. ಆವತ್ತಿನಿಂದ ಅತ್ತೆಯವರು (ಹೆಂಡತಿಯ ತಾಯಿ, ನಮ್ಮಲ್ಲೇ ಇರುತ್ತಾರೆ, ಮನೆಯ ಸುಪ್ರೀಂ ಕೋರ್ಟು) ಆಜ್ಞೆ ಹೊರಡಿಸಿದರು: ಬಿರುಗಾಳಿ ಆಡುವಾಗ ಅಳಿಯಂದಿರು ಟೀವಿ ಇರುವ ಕೋಣೆಯಲ್ಲಿ ಇರಕೂಡದು. ನಾನು ನಕ್ಕೆ. ಸಾವಿರ ಮೈಲಿ ದೂರದಲ್ಲಿ ಒಬ್ಬ ಬ್ಯಾಟು ಬೀಸುವುದಕ್ಕೂ ನನ್ನ ಬಚ್ಚಲುಮನೆಗೂ ಏನು ಸಂಬಂಧ? ನಾಲ್ಕನೇ ಕ್ಲಾಸಿನವನಿಗೆ ಇಷ್ಟು ಗೊತ್ತಾಗುತ್ತದೆ.

ಮಧ್ಯಾಹ್ನ ಮ್ಯಾಚು ಕಾವೇರಿತು. ಮೇಲ್ಮನೆಯ ಬಸ್ ಡ್ರೈವರು ತನ್ನ ಟೀವಿ ಕೆಟ್ಟಿದೆ ಎಂದು ಬಂದ. ನರ್ಸಮ್ಮ ಒಬ್ಬರೇ ನೋಡಲು ಭಯವಾಗುತ್ತದೆ ಎಂದು ಬಂದರು. ನಮ್ಮವರು ಗೆಲ್ಲಲು ಇನ್ನೂ ಬೇಕಾದಷ್ಟು ರನ್ನಿತ್ತು, ಒಬ್ಬೊಬ್ಬರೇ ಔಟಾಗುತ್ತಿದ್ದರು, ಬಿರುಗಾಳಿ ನಲವತ್ತರಲ್ಲಿ ತಡವರಿಸುತ್ತಿದ್ದ. ನಾನು ಬಾಗಿಲ ಬಳಿ ಎದೆ ಮುಂದೆ ಮಾಡಿ ನಿಂತಿದ್ದೆ. ಎಲ್ಲರೂ ಟೀವಿ ಬಿಟ್ಟು ನನ್ನನ್ನೇ ನೋಡತೊಡಗಿದರು.

“ಅಳಿಯಂದಿರೇ, ಬೆವರಿದೀರಿ. ಮುಖ ತೊಳೆದು ಬರಬಾರದಾ?” ಎಂದರು ಅತ್ತೆ, ಜೇನಿನಂಥ ದನಿಯಲ್ಲಿ.

ಸಿಟ್ಟು ನೆತ್ತಿಗೇರಿತು. ಆದರೆ ನಿಜಕ್ಕೂ ಬೆವರಿದ್ದೆ. ಬಚ್ಚಲಿಗೆ ಹೋಗಿ ಬಾಗಿಲನ್ನು ದಢಾರೆಂದು ಹಾಕಿಕೊಂಡು ಚಿಲಕ ಜಡಿದೆ. ಜಡಿದದ್ದು ಜಡಿದಂತೆಯೇ ಕೂತಿತು.

ಆ ಬಾಗಿಲಿನ ಮೇಲ್ಗಡೆಯ ಕೀಲಿನ ಸ್ಕ್ರೂ ಸಡಿಲಾಗಿ ಆರು ತಿಂಗಳಾಗಿತ್ತು. ಬಾಗಿಲು ಕೆಳಕ್ಕೆ ಜಗ್ಗಿತ್ತು. ‘ಊರಿನ ಬಾಗಿಲೆಲ್ಲ ಸರಿ ಮಾಡ್ತೀರಿ, ಮನೆದು ಯಾವಾಗ?’ ಎಂದು ಹೆಂಡತಿ ದಿನಕ್ಕೊಮ್ಮೆ ಕೇಳುತ್ತಿದ್ದಳು. ಈಗ ಚಿಲಕ ತೂತಿನೊಳಗೆ ಓರೆಯಾಗಿ ಕಚ್ಚಿಕೊಂಡಿತು. ಚಿಲಕವೂ ನಾನೇ ಹಾಕಿದ್ದು. ‘ಆನೆ ಬಂದು ಗುದ್ದಿದರೂ ತೆರೆಯಲ್ಲ’ ಎಂದು ಹೇಳಿ ಹಾಕಿದ್ದು. ನನ್ನ ಸಾಮಾನಿನ ಚೀಲ ನಡುಮನೆಯಲ್ಲಿ, ಡ್ರೈವರಿನ ಕಾಲ ಬುಡದಲ್ಲಿ.

“ಲೇ! ಬಾಗಿಲು ಸಿಕ್ಕಿಹಾಕಿಕೊಂಡಿದೆ! ಮೇಲಿನ ಸಂದಿಯಿಂದ ಸ್ಕ್ರೂಡ್ರೈವರ್ ಕೊಡು!”

ಉತ್ತರವಾಗಿ ನಡುಮನೆಯಿಂದ ಮಹಾಘೋಷ ಕೇಳಿತು. ಸಿಕ್ಸರು.

“ಕೇಳಿಸ್ತೇನೇ? ಸ್ಕ್ರೂಡ್ರೈವರ್!”

ಇನ್ನೊಂದು ಸಿಕ್ಸರು. ಆಮೇಲೆ ಪಿಸಪಿಸ. ಆಮೇಲೆ ಐದು ಜೊತೆ ಹೆಜ್ಜೆಗಳು ಬಾಗಿಲ ಹೊರಗೆ ಬಂದು ನಿಂತವು.

“ಅಣ್ಣಾ, ಗಾಳಿ ಆಡ್ತಿದೆಯಾ ಒಳಗೆ?” ನರ್ಸಮ್ಮನ ದನಿ.

“ಆಡ್ತಿದೆ. ಯಾಕೆ?”

“ಹಾಗಾದ್ರೆ ಇನ್ನೊಂದು ಹತ್ತು ಓವರ್ ಇರಿ. ಪ್ರಾಣಕ್ಕೇನೂ ತೊಂದರೆ ಇಲ್ಲ, ನಾನಿದೀನಿ.”

“ರೀ, ದಮ್ಮಯ್ಯ, ಅಲ್ಲಾಡಬೇಡಿ,” ಎಂದಳು ಹೆಂಡತಿ. ಮದುವೆಯಾದ ಮೇಲೆ ಅವಳು ನನಗೆ ದಮ್ಮಯ್ಯ ಎಂದದ್ದು ಅದೇ ಮೊದಲು.

ನಾನು ಕೂಗಾಡಿದೆ. ಬಾಗಿಲು ಗುದ್ದಿದೆ. ಗುದ್ದಿದ್ದಕ್ಕೂ ಒಂದು ಬೌಂಡರಿ ಬಂತಂತೆ, ‘ಇನ್ನೊಂದು ಸಲ ಗುದ್ದಿ’ ಎಂದರು! ನನಗೇನು, ಬಾಗಿಲು ತೆಗೆಯಲು ಬರುವುದಿಲ್ಲವೇ? ಸೋಪಿನ ತುಂಡನ್ನು ಚಿಲಕಕ್ಕೆ ಸವರಿದೆ. ಭುಜ ಕೊಟ್ಟು ಬಾಗಿಲನ್ನು ಒಂದು ಬೆರಳು ಮೇಲಕ್ಕೆತ್ತಿದರೆ ಸಾಕು, ಚಿಲಕ ಬೆಣ್ಣೆಯಂತೆ ಜಾರುತ್ತದೆ. ಭುಜ ಕೊಡಲು ಹೋದೆ. ಆಗ ಡ್ರೈವರು ಹೊರಗಿನಿಂದ ಗದ್ಗದಿತನಾಗಿ ಹೇಳಿದ:

“ಅಣ್ಣಾ, ನಿಮ್ಮಂಥವರು ನಮ್ಮ ಬಿಲ್ಡಿಂಗಿನಲ್ಲಿ ಇರೋದು ನಮ್ಮ ಪುಣ್ಯ.”

ನನ್ನ ಭುಜ ತಾನಾಗಿಯೇ ಕೆಳಗಿಳಿಯಿತು.

ಆ ಬಸ್ ಡ್ರೈವರು ಮೂರು ವರ್ಷದಿಂದ ಮೆಟ್ಟಿಲ ಮೇಲೆ ಸಿಕ್ಕರೂ ನನಗೆ ದಾರಿ ಬಿಡುತ್ತಿರಲಿಲ್ಲ! ಬಕೆಟ್ಟನ್ನು ಬೋರಲು ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತೆ. “ಸ್ಕೋರೆಷ್ಟು?” ಎಂದು ಕೇಳಿದೆ, ಸ್ವಲ್ಪ ಗತ್ತಿನಲ್ಲಿ.

“ಅರವತ್ತೆಂಟು, ಅಪ್ಪಾ! ನೀವು ಈಗ ಕೆಮ್ಮಿದ್ರಲ್ಲ, ಆಗಲೇ ಬಂತು ನಾಲ್ಕು!” ಎಂದಳು ಮಗಳು.

ಕೆಮ್ಮಿದೆ. ನಾಲ್ಕು ಬಂತು. ಮತ್ತೆ ಕೆಮ್ಮಿದೆ. ಎರಡು ಬಂತು. “ಕೆಮ್ಮು ಗಟ್ಟಿಯಾಗಿರಲಿ ಅಳಿಯಂದಿರೇ, ಎರಡಕ್ಕೇ ನಿಂತಿತು,” ಎಂದರು ಅತ್ತೆ. ಗಂಟಲಿನ ಬುಡದಿಂದ ಕೆಮ್ಮಿದೆ. ಆರು! ಹೊರಗೆ ಚಪ್ಪಾಳೆ, ಶಿಳ್ಳೆ. ಮೇಲಿನ ಸಂದಿಯಿಂದ ಲೋಟದಲ್ಲಿ ಕಾಫಿ ಇಳಿಯಿತು. (ಸ್ಕ್ರೂಡ್ರೈವರು ತೂರದಿದ್ದ ಸಂದಿಯಲ್ಲಿ ಲೋಟ ಹೇಗೆ ತೂರಿತು ಎಂದು ನಾನು ಕೇಳಲಿಲ್ಲ.)

ಸತ್ಯ ಹೇಳಿಬಿಡುತ್ತೇನೆ. ಎಂಬತ್ತು ದಾಟಿದ ಮೇಲೆ ನಾನು ಗೋಡೆಯನ್ನು ಮರೆತೆ, ಪಂದ್ಯವನ್ನು ಮರೆತೆ. ಅವನು ನೂರು ಹೊಡೆದರೆ ನನ್ನ ಫೋಟೋ ಶಾಶ್ವತವಾಗಿ ಸೂಟ್‌ಕೇಸಿನ ಹಿಂದೆಯೇ ಎಂಬುದು ನೆನಪಿಗೇ ಬರಲಿಲ್ಲ. ಆ ನೂರು ಅವನದೆಂದು ನನಗೆ ಅನ್ನಿಸುತ್ತಿರಲಿಲ್ಲ. ಕೆಮ್ಮುತ್ತಿದ್ದವನು ಯಾರು? ಗಂಟಲು ಹರಿದುಕೊಂಡವನು ಯಾರು? ಬಕೆಟ್ಟಿನ ಅಂಚು ಒತ್ತಿ ಸೊಂಟದಿಂದ ಕೆಳಗೆ ಜೋಮು ಹಿಡಿದರೂ ಕದಲದೆ ಕೂತವನು ಯಾರು? ಅವನಿಗಾದರೋ ಕವಚವಿತ್ತು.

ಕೊನೆಗೆ ಮಗಳು ಕಿರುಚಿದಳು: “ತೊಂಬತ್ತೇಳು! ಒಂದೇ ವಿಕೆಟ್ ಉಳಿದಿದೆ! ನೂರಕ್ಕೂ ಮೂರು, ಗೆಲ್ಲೋಕೂ ಮೂರು!”

ಬಾಗಿಲ ಬಳಿಯಿದ್ದ ಹೆಜ್ಜೆಗಳೆಲ್ಲ ಟೀವಿಯ ಕಡೆ ಓಡಿದವು. ನಾನು ಬಕೆಟ್ಟಿನಿಂದ ಎದ್ದೆ. ಇಂಥ ಐತಿಹಾಸಿಕ ಗಳಿಗೆಯಲ್ಲಿ ಒಂದು ಮಾತು ಎಲ್ಲರ ಬಾಯಿಂದ ಬಂದರೆ ಚೆನ್ನ ಅನ್ನಿಸಿತು. ಅಷ್ಟೇ. ಜಾಸ್ತಿ ಏನೂ ಆಸೆ ಇರಲಿಲ್ಲ.

“ಡ್ರೈವರಣ್ಣಾ, ಈಗ ಹೇಳು. ನಿಜವಾದ ಹೀರೋ ಯಾರು?”

“ಅದೇನಣ್ಣ ಕೇಳ್ತೀರಾ,” ಎಂದ ಆ ಪುಣ್ಯಾತ್ಮ, “ಬಿರುಗಾಳಿ! ಇನ್ಯಾರು?”

ಬಾಗಿಲಿಗೆ ಭುಜ ಕೊಟ್ಟು ಎತ್ತಿದೆ, ಚಿಲಕ ಸರ್ರನೆ ಜಾರಿತು, ಬಾಗಿಲು ಗೋಡೆಗೆ ಬಡಿಯಿತು. ನಾನು ರೌದ್ರಾವತಾರ ತಾಳಿ, ಒಂದು ಕೈಯಲ್ಲಿ ಸೋಪು, ಇನ್ನೊಂದರಲ್ಲಿ ಲೋಟ ಹಿಡಿದು ನಡುಮನೆಗೆ ನುಗ್ಗಿದೆ.

“ನಾನು ಕಣೋ! ನಾನು!”

ಟೀವಿಯಲ್ಲಿ ಬಿರುಗಾಳಿಯ ಹಿಂದಿನ ವಿಕೆಟ್ ಕಡ್ಡಿ ನೆಲದ ಮೇಲೆ ಉರುಳುತ್ತಿತ್ತು.

ಐದು ತಲೆಗಳು ನಿಧಾನವಾಗಿ ನನ್ನ ಕಡೆ ತಿರುಗಿದವು. ಅತ್ತೆಯವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು, ಮತ್ತೆ ತೆಗೆದರು.

“ಆ ಚಿಲಕ ಸಿಕ್ಕಿಹಾಕ್ಕೊಂಡಿತ್ತಲ್ಲ?” ಎಂದರು ನರ್ಸಮ್ಮ.

“ನನಗೆ ಬೀಗ ತೆಗೆಯಲು ಬರಲ್ವಾ?” ಎಂದೆ. ಹೇಳಿದ ಮೇಲೆ, ಹೇಳಬಾರದಿತ್ತು ಎಂದು ತಿಳಿಯಿತು.

ಅಂದರೆ ಬೇಕೆಂದೇ ತೆಗೆದಿದ್ದೇನೆ ಎಂದಾಯಿತು. ಪಂದ್ಯ ಗೆಲ್ಲಲು ಮೋಸ ಮಾಡಿದ್ದೇನೆ ಎಂದಾಯಿತು. ನಾನು ಗೆಲ್ಲಿಸಲೆಂದು ಕೆಮ್ಮಿದ್ದೆ ಎಂದು ಪ್ರಮಾಣ ಮಾಡಿ ಹೇಳಬಹುದಿತ್ತು. ಹೇಳಿದರೆ ಅವನು ವೀರನಲ್ಲ ಎಂಬ ನನ್ನ ಮಾತು ಮಣ್ಣುಪಾಲಾಗುತ್ತಿತ್ತು.

ಸಂಜೆ ಧೈರ್ಯ ಮಾಡಿ ಕೇಳಿದೆ: “ನೂರು ಹೊಡೆದನಾ?”

“ಇಲ್ಲ,” ಎಂದಳು ಹೆಂಡತಿ.

“ಹಾಗಾದ್ರೆ ನನ್ನ ಫೋಟೋ?”

“ಆಟದೊಳಗೆ ಕೈಹಾಕಿದವರಿಗೆ ಪಂದ್ಯನೂ ಇಲ್ಲ, ಫೋಟೋನೂ ಇಲ್ಲ. ಬೇಕಾದ್ರೆ ಅಮ್ಮನ್ನ ಕೇಳಿ.”

ಸುಪ್ರೀಂ ಕೋರ್ಟಿಗೆ ಹೋಗುವ ಧೈರ್ಯ ನನಗಿರಲಿಲ್ಲ. ಆದರೆ ತಮಾಷೆ ನೋಡಿ, ಬಿರುಗಾಳಿಯ ಪಟವನ್ನೂ ಅವಳೇ ಇಳಿಸಿದಳು. ‘ಮೂರು ರನ್ ಹೊಡೆಯೋಕಾಗದವನು ಎಂಥ ಹೀರೋ’ ಅಂದಳು! ಬೆಳಗಿನಿಂದ ನಾನು ಬಡಿದುಕೊಂಡದ್ದೂ ಅದನ್ನೇ. ಈಗ ಆ ಮೊಳೆಗೆ ಅತ್ತೆಯವರ ಕೊಡೆ ತೂಗುತ್ತದೆ. ಒಂದು ಕ್ಷಣ, ಒಂದೇ ಕ್ಷಣ, ಆ ಹುಡುಗನ ಮೇಲೆ ನನಗೆ ಅಯ್ಯೋ ಅನ್ನಿಸಿತು. ಬಾಗಿಲ ಹೊರಗೆ ನಿಂತು ಶಿಳ್ಳೆ ಹೊಡೆಯುವವರು ಎಷ್ಟು ಬೇಗ ಖಾಲಿಯಾಗುತ್ತಾರೆ ಎಂದು ನನಗೂ ಅವನಿಗೂ ಮಾತ್ರ ಗೊತ್ತು. ಹಾಗಂತ ಅವನನ್ನು ವೀರ ಎಂದು ಒಪ್ಪುತ್ತೇನೆ ಎಂದುಕೊಳ್ಳಬೇಡಿ. ಸಾಯುವವರೆಗೂ ಒಪ್ಪುವುದಿಲ್ಲ.

ಬಿಲ್ಡಿಂಗಿನವರು ಮಾತ್ರ ಬಿರುಗಾಳಿಯನ್ನು ಒಂದೇ ವಾರದಲ್ಲಿ ಕ್ಷಮಿಸಿದರು. ಅವನು ಮುಂದಿನ ಮ್ಯಾಚಿನಲ್ಲಿ ಎಂಬತ್ತು ಹೊಡೆದ, ಲೆಕ್ಕ ಚುಕ್ತಾ. ಉಳಿದದ್ದು ನನ್ನ ಲೆಕ್ಕ. ಮೊನ್ನೆ ಮೆಟ್ಟಿಲ ಮೇಲೆ ಡ್ರೈವರು ಸಿಕ್ಕಿದ. ಕೈ ಅಡ್ಡ ಇಟ್ಟು, ಮೂರು ಬೆರಳು ತೋರಿಸಿ, “ಅಣ್ಣಾ, ನಮ್ಮ ಮೂರು ರನ್ ಯಾವಾಗ ಕೊಡ್ತೀರಿ?” ಎಂದ. ನರ್ಸಮ್ಮ ಕಿಟಕಿಯಿಂದ ಅದನ್ನೇ ಕೇಳುತ್ತಾರೆ. ಸ್ವಂತ ಮಗಳು ಕಾಲೇಜಿಗೆ ಹೊರಡುವಾಗ ಕೇಳುತ್ತಾಳೆ.

ಕೊಡಲ್ಲ. ಏನು ಮಾಡ್ಕೊತೀರೋ ಮಾಡ್ಕೊಳ್ಳಿ.