ಹನ್ನೊಂದನೇ ನಂಬರ್ ಬಸ್ಸೂ ಜಾಗ ಬದಲಿಸಿದ ಆಸ್ಪತ್ರೆಯೂ

ನಗರ ಬಸ್ ಸಂಚಾರದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಮೂರು ಬಾಗಿಲು ದಾಟಿ ನಾಲ್ಕನೆಯದರ ಹಿಂದೆ ಕುಳಿತು, ಹೊರಗಿನ ಗಾಳಿ ಧೂಳಿನ ಗೊಡವೆಯಿಲ್ಲದೆ ಇಡೀ ಊರಿನ ಬಸ್ಸುಗಳನ್ನು ಓಡಿಸುತ್ತಿರುವ ತಮಗೆ, ಹನ್ನೊಂದನೇ ನಂಬರ್ ಬಸ್ಸಿನ ಕಾಯಂ ಪ್ರಯಾಣಿಕಳೂ ಕಸುಬಿನಿಂದ ದರ್ಜಿಯೂ ಆದ ನಾನು ತಲೆಬಾಗಿ ವಂದಿಸುತ್ತೇನೆ. ತಮ್ಮ ಕಚೇರಿಯ ದೂರುಪೆಟ್ಟಿಗೆಗೆ ಬಣ್ಣ ಬಳಿದಾಗ ಕಾಗದ ಹಾಕುವ ಸೀಳೂ ಅಂದವಾಗಿ ಮುಚ್ಚಿಹೋಗಿರುವುದರಿಂದ, ಇದನ್ನು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ, ಮನ್ನಿಸಬೇಕು.

ಒಂದೂವರೆ ವರ್ಷದ ಹಿಂದೆ ನಮ್ಮ ಆಸ್ಪತ್ರೆ ಮಂಚ, ಔಷಧಿ, ವೈದ್ಯರ ಸಮೇತ ಸೇತುವೆಯಾಚೆಯ ಹೊಸ ಕಟ್ಟಡಕ್ಕೆ ಹೋಯಿತು. ಈ ಸುದ್ದಿ ರೋಗಿಗಳಿಗೆ ತಿಳಿಯಿತು, ಹಣ್ಣು ಮಾರುವವರಿಗೆ ತಿಳಿಯಿತು, ಹಳೆಯ ಗೇಟಿನ ಬಳಿ ಮಲಗುತ್ತಿದ್ದ ನಾಯಿಗೂ ತಿಳಿದು ಅದೂ ಜಾಗ ಬದಲಿಸಿತು. ತಮ್ಮ ಕಚೇರಿ ಮಾತ್ರ ಇಂಥ ಗಾಳಿಮಾತಿಗೆ ಕಿವಿಗೊಡಲಿಲ್ಲ. ಬಸ್ಸು ಬೀಗ ಹಾಕಿದ ಹಳೆಯ ಗೇಟಿನ ಮುಂದೆ ಎರಡು ನಿಮಿಷ ನಿಂತು, ಹತ್ತುವವರೂ ಇಳಿಯುವವರೂ ಇಲ್ಲವೆಂದು ಖಚಿತಪಡಿಸಿಕೊಂಡು, ಸೇತುವೆ ದಾಟಿ, ಹೊಸ ಆಸ್ಪತ್ರೆಯ ಎದುರಿಂದಲೇ ಭರ್ರನೆ ಹಾದು, ಮುಕ್ಕಾಲು ಮೈಲಿ ಆಚೆಯ ಕೊನೆಯ ನಿಲ್ದಾಣದಲ್ಲಿ ನಮ್ಮನ್ನು ಇಳಿಸುತ್ತಿತ್ತು.

ನಮ್ಮತ್ತೆ ಮೂವತ್ತು ವರ್ಷ ನಗರದ ಉದ್ಯಾನದಲ್ಲಿ ಮಾಲಿಯಾಗಿದ್ದವರು. ಸೊಂಟದ ಮೂಳೆ ಮುರಿದುಕೊಂಡ ಮೇಲೆ ವಾರಕ್ಕೆರಡು ಸಲ ಮತ್ತೆ ನಡೆಯುವುದನ್ನು ಕಲಿಯಲು ಆಸ್ಪತ್ರೆಗೆ ಹೋಗಬೇಕಾಯಿತು. ಕಿಟಕಿಯಲ್ಲಿ ಆಸ್ಪತ್ರೆ ಹಿಂದಕ್ಕೆ ಸರಿಯುವುದನ್ನು ನೋಡುತ್ತ, "ನಡೆಯೋದು ಕಲಿಯೋಕೆ ಇಷ್ಟು ದೂರ ನಡೀಬೇಕೇನೇ?" ಎಂದು ನನ್ನನ್ನು ಕೇಳುತ್ತಿದ್ದರು. ಕೊನೆಯ ನಿಲ್ದಾಣದಿಂದ ಹಿಂದಕ್ಕೆ ನನ್ನ ಹೆಗಲಿಗೆ ಆತು, ಆರು ಕಡೆ ಕುಳಿತು ಸುಧಾರಿಸಿಕೊಂಡು ಬರುತ್ತಿದ್ದರು. ಒಂದು ದಿನ ಐದನೆಯ ಕಡೆ ಕುಳಿತವರು ಏಳಲಿಲ್ಲ. "ಸಾಕು ಕಣೇ, ಮನೆಗೆ ಹೋಗೋಣ, ನಾನು ಇನ್ನು ಮಲಗೇ ಇರ್ತೀನಿ" ಎಂದರು. ಆ ಹೊತ್ತಿನಲ್ಲಿ ನನಗೆ ತಮ್ಮ ನೆನಪು ಬಹಳವಾಗಿ ಬಂತು.

ಮರುದಿನವೇ, ಹೊಸ ಆಸ್ಪತ್ರೆಯ ಮುಂದೆ ನಿಲ್ದಾಣ ಬೇಕೆಂಬ ಅರ್ಜಿ ಹಿಡಿದು ತಮ್ಮ ಕಚೇರಿಗೆ ಬಂದೆ. ಕಿಟಕಿಗಳಿಗೆ ಕಂದು ಕಾಗದ ಅಂಟಿಸಿತ್ತು. ಗೋಡೆಯ ನಕ್ಷೆಯಲ್ಲಿ ಆಸ್ಪತ್ರೆ ಹಳೆಯ ಜಾಗದಲ್ಲೇ ಕೆಂಪು ಗುರುತಿನೊಳಗೆ ಸುಖವಾಗಿತ್ತು. ಗುಮಾಸ್ತರು, "ನಮ್ಮ ಪ್ರಕಾರ ಆಸ್ಪತ್ರೆ ಎಲ್ಲೂ ಹೋಗಿಲ್ಲಮ್ಮ" ಎಂದು ಸಮಾಧಾನ ಹೇಳಿದರು. ನಾನು ಕಣ್ಣಾರೆ ನೋಡಿ ಬಂದಿದ್ದೇನೆ ಎಂದರೆ, "ನೀವು ಹೊರಗಿನವರು, ನಿಮಗೆ ಹಾಗೆ ಕಾಣುತ್ತೆ" ಎಂದರು. ಮಾನ್ಯರೇ, ನಾನು ಹಳೆಯ ಗಿರಾಕಿ ಬಂದರೂ ಮತ್ತೊಮ್ಮೆ ಟೇಪು ಹಿಡಿಯುವವಳು, ಏಕೆಂದರೆ ಜನ ದಪ್ಪಗಾಗುತ್ತಾರೆ, ಸೊರಗುತ್ತಾರೆ. ಒಮ್ಮೆ ತೆಗೆದ ಅಳತೆಗೆ ಊರೇ ತನ್ನ ಮೈ ಹೊಂದಿಸಿಕೊಳ್ಳಬೇಕೆಂಬ ತಮ್ಮ ಶಿಸ್ತನ್ನು ಕಂಡು ನನ್ನ ಕಸುಬಿನ ಬಗ್ಗೆ ನನಗೇ ನಾಚಿಕೆಯಾಯಿತು.

ಆದರೆ ತಮ್ಮ ಸಂಸ್ಥೆಯಲ್ಲಿ ಕಣ್ಣು ತೆರೆದಿಟ್ಟುಕೊಳ್ಳುವ ದುರಭ್ಯಾಸದ ಒಬ್ಬರಿದ್ದರು. ಅವರು ನಮ್ಮ ಬಸ್ಸಿನ ಚಾಲಕರು. ನಾವು ನಿಧಾನಪ್ಪ ಎಂದು ಕರೆಯುತ್ತಿದ್ದೆವು. ಅತ್ತೆಯನ್ನು ಒಲಿಸಿ ಮತ್ತೆ ಕರೆದುಕೊಂಡು ಹೊರಟ ದಿನ, ಅವರು ಕನ್ನಡಿಯಲ್ಲಿ ಒಮ್ಮೆ ನಮ್ಮತ್ತ ನೋಡಿ, ಹೊಸ ಆಸ್ಪತ್ರೆಯ ಮುಂದೆ ಬಸ್ಸು ನಿಲ್ಲಿಸಿಬಿಟ್ಟರು. "ಎಂಜಿನ್ ಬಿಸಿಯಾಗಿದೆ, ಎರಡು ನಿಮಿಷ ಆರಬೇಕು. ಬೇಕಾದವರು ಇಳೀಬಹುದು" ಎಂದು ರಸ್ತೆ ನೋಡುತ್ತಲೇ ಹೇಳಿದರು. ಅರ್ಧ ಬಸ್ಸು ಖಾಲಿಯಾಯಿತು. ಅಂದಿನಿಂದ ಎಂಜಿನ್ನು ದಿನವೂ ಸರಿಯಾಗಿ ಅಲ್ಲೇ ಬಿಸಿಯಾಗತೊಡಗಿತು, ನಮ್ಮತ್ತೆ ಎರಡು ಕೋಲಿನಿಂದ ಒಂದು ಕೋಲಿಗೆ ಬಂದರು.

ತಮ್ಮ ಕಚೇರಿ ಇದನ್ನು ಗಮನಿಸಲಿಲ್ಲವೆಂದು ಹೇಳಿದರೆ ನನ್ನ ನಾಲಿಗೆಗೆ ಒಳ್ಳೆಯದಾಗದು. ಗಮನಿಸಿ, ಬಸ್ಸನ್ನು ಮೂರು ಸಲ ರಿಪೇರಿಗೆ ಕಳಿಸಿತು. ಮೆಕ್ಯಾನಿಕ್ಕುಗಳು ರೇಡಿಯೇಟರ್ ಬದಲಿಸಿದರು, ಪೈಪು ಬದಲಿಸಿದರು. ಬಸ್ಸಿನಿಂದ ಇಳಿಯುತ್ತಿದ್ದ ಇಪ್ಪತ್ತು ಜನ ಎಲ್ಲಿಗೆ ಹೋಗುತ್ತಾರೆಂದು ಕೇಳುವುದು ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ. ಕೊನೆಗೆ ಅನಧಿಕೃತ ನಿಲುಗಡೆಯ ಕಾರಣ ಕೊಟ್ಟು ನಿಧಾನಪ್ಪನವರನ್ನು ಡಿಪೋ ಗೇಟು ಕಾಯಲು ಹಾಕಿದಿರಿ. ಅದೇ ತಿಂಗಳು, ಹದಿನಾಲ್ಕು ತಿಂಗಳಲ್ಲಿ ಒಂದು ದೂರೂ ಬಾರದ ಕಾರಣಕ್ಕೆ ಹಳೆಯ ಆಸ್ಪತ್ರೆ ನಿಲ್ದಾಣಕ್ಕೆ ಅತ್ಯುತ್ತಮ ನಿಲ್ದಾಣವೆಂಬ ಪ್ರಶಸ್ತಿಪತ್ರವನ್ನೂ ಕೊಟ್ಟಿರಿ. ಅಲ್ಲಿ ಅದನ್ನು ಸ್ವೀಕರಿಸಲು ಯಾರೂ ಇಲ್ಲದ್ದರಿಂದ ನಿಲ್ದಾಣದ ಕಂಬಕ್ಕೇ ಕಟ್ಟಿಹೋದರು.

ಹೊಸ ಚಾಲಕರು ಒಳ್ಳೆಯವರು, ಆದರೆ ನಿಯಮದವರು. ನಾವು ಎಷ್ಟು ಬೇಡಿಕೊಂಡರೂ, "ನನಗೆ ಕಂಬ ಕಾಣಬೇಕು ತಾಯಿ. ಕಂಬ ಇದ್ದಲ್ಲಿ ನಿಲ್ಲಿಸ್ತೀನಿ, ಇಲ್ಲದಿದ್ದಲ್ಲಿ ಇಲ್ಲ" ಎನ್ನುತ್ತಿದ್ದರು. ಈ ಮಾತನ್ನು ನಮ್ಮತ್ತೆ ಎರಡು ದಿನ ಬಾಯಲ್ಲೇ ಮೆಲುಕು ಹಾಕಿದರು. ಮುಂದಿನ ಭಾನುವಾರ ಬೆಳಿಗ್ಗೆ, ಹಾಡಹಗಲೇ, ನಮ್ಮ ಬಸ್ಸಿನಲ್ಲೇ ಆಸ್ಪತ್ರೆಗೆ ಬರುತ್ತಿದ್ದ, ಕೈಗೆ ಪಟ್ಟಿ ಕಟ್ಟಿದ್ದ ಒಬ್ಬ ಬಡಗಿ, ಆಸ್ಪತ್ರೆಯ ಇಬ್ಬರು ದಾದಿಯರು ಮತ್ತು ಹೆಸರು ಹೇಳಲು ನಾಚಿಕೊಳ್ಳುವ ಒಬ್ಬ ದರ್ಜಿ ಸೇರಿ ತಮ್ಮ ಕಂಬವನ್ನು ಕಿತ್ತು, ತಳ್ಳುಗಾಡಿಯಲ್ಲಿ ಸೇತುವೆ ದಾಟಿಸಿ, ಹೊಸ ಆಸ್ಪತ್ರೆಯ ಮುಂದೆ ನೆಟ್ಟರು. ಅತ್ತೆ ಸ್ಟೂಲಿನ ಮೇಲೆ ಕುಳಿತು, "ಅಗಲ ಮಾಡಬೇಡ್ರೋ, ಆಳ ಮಾಡಿ. ಬೇರು ನಿಲ್ಲೋದು ಆಳದಲ್ಲಿ" ಎಂದು ಉಸ್ತುವಾರಿ ನೋಡಿಕೊಂಡರು. ಬಡಗಿ ಪ್ರಶಸ್ತಿಪತ್ರದ ಧೂಳು ಒರೆಸಿದ. ಯಾರೂ ಏನೆಂದು ಕೇಳಲಿಲ್ಲ. ಸೋಮವಾರ ಬಸ್ಸು ಬಂತು, ಚಾಲಕರು ಕಂಬ ನೋಡಿದರು, ನಿಲ್ಲಿಸಿದರು. ಕೆಳಗಿಳಿದ ಅತ್ತೆ ಕೋಲನ್ನು ನನ್ನ ಕೈಗೆ ಕೊಟ್ಟು ಗೇಟಿನವರೆಗೆ ಹತ್ತು ಹೆಜ್ಜೆ ಒಬ್ಬರೇ ನಡೆದರು. ನಾನು ಹಿಂದಿನಿಂದ ನೋಡುತ್ತ, ಕಣ್ಣೊರೆಸಿಕೊಳ್ಳಲು ಸೆರಗು ಹುಡುಕಿದೆ.

ಇದೆಲ್ಲ ನಡೆದು ಎರಡು ತಿಂಗಳಾದರೂ ತಮ್ಮ ಕಚೇರಿಗೆ ತಿಳಿದಿಲ್ಲ ಎಂಬುದೇ ತಮ್ಮ ಏಕಾಗ್ರತೆಗೆ ಸಾಕ್ಷಿ. ಕಂಬದ ಅಪರಾಧಕ್ಕೆ ನನ್ನ ಮೇಲೆ ಯಾವ ಕ್ರಮ ಬೇಕಾದರೂ ಕೈಗೊಳ್ಳಿ. ಬದಲಿಗೆ ನನ್ನದೊಂದೇ ಕೋರಿಕೆ: ನಿಧಾನಪ್ಪನವರನ್ನು ಬಸ್ಸಿಗೆ ಮರಳಿಸಬೇಕು. ಡಿಪೋ ಗೇಟು ಕಾಯುತ್ತಲೇ ಅವರು ಬಂದವರಿಗೆಲ್ಲ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ನಿಜ ಹೇಳುತ್ತಿದ್ದಾರೆ. ಜನ ದೂರುಗಳನ್ನೂ ಅವರ ಕೈಗೇ ಕೊಡತೊಡಗಿದ್ದಾರೆ. ಹೀಗೇ ಬಿಟ್ಟರೆ ತಮ್ಮ ಇಡೀ ಕಚೇರಿ ಆ ಗೇಟಿನಿಂದಲೇ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಅಪಾಯವಿದೆ. ಅದನ್ನು ತಪ್ಪಿಸಲೆಂದಾದರೂ ಅವರನ್ನು ದೂರ ಕಳಿಸಿ. ಹನ್ನೊಂದನೇ ನಂಬರ್ ಬಸ್ಸಿನಷ್ಟು ದೂರ.

ತಮ್ಮ ಬಾಗಿಲುಗಳ ಹೊರಗಿನ,
ತಮ್ಮ ವಿಶ್ವಾಸಿ,
ಒಬ್ಬ ದರ್ಜಿ

ತಾ.ಕ.: ಇದನ್ನು ಮಡಿಸುವಷ್ಟರಲ್ಲಿ ತಮ್ಮ ಸಿಬ್ಬಂದಿ ಬಂದು, ನನ್ನ ಹಳೆಯ ಅರ್ಜಿಯನ್ನು ಮನ್ನಿಸಿ, "ಹೊಸ ಆಸ್ಪತ್ರೆ" ಎಂದು ಬರೆದ ಹೊಚ್ಚಹೊಸ ಕಂಬವೊಂದನ್ನು ನೆಟ್ಟುಹೋದ ಸುದ್ದಿ ಬಂತು. ನಕ್ಷೆಯ ಪ್ರಕಾರ ಹಳೆಯ ಆಸ್ಪತ್ರೆಯ ಬೀಗದ ಮುಂದೆಯೇ ನೆಟ್ಟಿದ್ದಾರೆ. ಅತ್ತೆ ಹೋಗಿ ನೋಡಿ ಬಂದರು. ಗುಂಡಿ ಒಂದೂವರೆ ಅಡಿಯೂ ಇಲ್ಲವಂತೆ, ಭಾನುವಾರದಾಚೆ ಅದು ಅಲ್ಲಿ ನಿಲ್ಲುವುದು ಕಷ್ಟವಂತೆ.