ಚಿತ್ರ ಕಡದ್ರ ಸಿಮೆಂಟ್ ಅಂಗಡಿ

ಕಣ್ಣಿಗೆ ಗಾಗಲ್ ಕಟ್ಟಿಕೊಂಡು ಡ್ರೋನ್ ಹಾರಸೋ ಮನಷ್ಯಾಗ ಆಕಾಶದಾಗ ಏನೂ ತ್ರಾಸಿಲ್ಲರಿ. ತ್ರಾಸೆಲ್ಲಾ ನೆಲದ ಮ್ಯಾಲೆ, ಅದೂ ನಮ್ಮ ಮ್ಯಾಲೆ ಪ್ರೀತಿ ಇದ್ದ ಮಂದಿಯಿಂದನ. ಡ್ರೋನ್ ನೋಡೋದನ್ನ ನಾ ಗಾಗಲ್ ಒಳಗ ನೋಡ್ತೇನಿ. ನಡುವ ಗ್ವಾಡಿ, ತಗಡು, ಮಂದಿ ಅಡ್ಡ ಬಂದ್ರ ಚಿತ್ರ ಕಡೀತೈತಿ. ಇಷ್ಟ ಸಣ್ಣ ಮಾತು, ಇಂಡಿಯಿಂದ ಮುದ್ದೇಬಿಹಾಳತನಕ ಯಾರಿಗೂ ತಿಳಿಸಿ ಹೇಳಾಕ ಆಗಿಲ್ಲ ನೋಡ್ರಿ.

ಗಾಗಲ್ ಹಾಕ್ಕೊಂಡಾಂವಗ ಸುತ್ತಮುತ್ತ ಏನೂ ಕಾಣಂಗಿಲ್ಲ, ಬಾಜೂಕ ಒಬ್ಬರು ನಿಂದ್ರಬೇಕು. ನನ್ನ ಬಾಜೂಕ ನಿಂದ್ರವರು ನಮ್ಮ ಮಾವ, ಅಂದ್ರ ಹೆಂಡ್ತಿ ಅಪ್ಪ. ರಿಟೈರ್ ಆದ ಬಸ್ ಕಂಡಕ್ಟರ್. ಬರ್ತಿದ್ರು ಖರೆ, ಆದ್ರ ಇದು ಕೆಲಸ ಅಂತ ಒಪ್ಪತಿದ್ದಿಲ್ಲ. ಕಡೀಕ ಒಂದು ಕರಾರು ಹಾಕಿದ್ರು: “ಅಳಿಯಾರ, ನನ್ನ ಸಣ್ಣ ಮಗಳ ಮದುವ್ಯಾಗ ಒಮ್ಮೆನೂ ಚಿತ್ರ ಕಡೀಬಾರ್ದು. ಕಡೀತು ಅಂದ್ರ ಮರುದಿನದಿಂದ ನನ್ನ ತಮ್ಮನ ಸಿಮೆಂಟ್ ಅಂಗಡ್ಯಾಗ ಕುಂದ್ರೂದು. ಒಪ್ಪಿಗಿ?”

“ಒಪ್ಪಿಗಿರಿ” ಅಂದೆ. ಆದ್ರ ಈ ಕೆಲಸ ಬಿಟ್ರ ನನಗ ಜೀವನಾನ ಸಪ್ಪಗ.

ಹೊರ್ತಿ ಕುರ್ಚಿ

ಮದುವಿ ಇನ್ನೂ ದೂರ ಇತ್ತು. ಹೊರ್ತಿ ಊರಾಗ ಒಬ್ಬ ಗೌಡ್ರ ನಿಂಬಿ ತ್ವಾಟದ ವಿಡಿಯೋ ತೆಗೀಬೇಕಿತ್ತು. ಬಯಲಾಗ ಕುರ್ಚಿ ಹಾಕ್ಕೊಂಡು ಹಾರಸಾಕತ್ತಿದ್ದೆ. ಮಾವ ನೀರು ಕುಡ್ಯಾಕ ಹೋಗಿದ್ರು. ನಡುವ ಕುರ್ಚಿನ ಮ್ಯಾಲೆ ಎದ್ದಂಗಾತು. ತೂಗಾಡಿಕೊಂತ ಎತ್ತಾಗೋ ಹೊಂಟೆ. ಚಿತ್ರ ಒಮ್ಮೆ ಹರೀತು, ಒಮ್ಮೆ ಬಂತು, ಆಮ್ಯಾಲೆ ಪೂರಾ ಕರ್ರಗ.

ಗಾಗಲ್ ತೆಗದು ನೋಡಿದ್ರ ನಾ ತಗಡಿನ ಶೆಡ್ ಒಳಗ! ಗೌಡ್ರ ಆಳುಗಳು ಕುರ್ಚಿ ಸಮೇತ ನನ್ನ ಹೊತ್ತು ತಂದಿದ್ರು. “ಬಂದ ಮಂದೀನ ಬಿಸಲಾಗ ಕುಂದ್ರಸೂದೇನ್ರಿ? ನಮಗ ರೀತಿ ರಿವಾಜು ಇಲ್ಲೇನು?” ಅಂದ್ರು ಗೌಡ್ರು.

“ಯಪ್ಪಾ, ತಗಡಿನ ಕೆಳಗ ಚಿತ್ರ ಬರಂಗಿಲ್ಲರಿ! ಡ್ರೋನ್ ಬಿತ್ತು!”

“ಅದು ಬಿದ್ರ ಬೀಳಲಿ ಬಿಡ್ರಿ. ನೀವು ಬಿಸಲಿಗೆ ಬಿದ್ರ ಊರ ಮರ್ಯಾದಿ ಹೋಗ್ತೈತಿ.”

ಅಜ್ಜಿ

ಹೂವಿನ ಹಿಪ್ಪರಗ್ಯಾಗ ಒಬ್ಬ ಅಜ್ಜಿ ಸೀದಾ ನನ್ನ ಮುಂದ ಬಂದು ಗಾಗಲ್ ಮುಟ್ಟಿ ಮುಟ್ಟಿ ನೋಡಿದಳು. ಚಿತ್ರ ನಡುಗಾಕತ್ತಿತು.

“ಯಾವಾಗ ಬಿಚ್ಚತಾರೋ ತಮ್ಮಾ ಕಣ್ಣಿನ ಪಟ್ಟಿ?”

“ಐದು ನಿಮಿಷಕ್ಕ, ಅಜ್ಜಿ. ಒಂಚೂರು ಸರಕೋ.”

“ಅಯ್ ಶಿವನ! ನನಗ ಕಣ್ಣಿನ ಆಪರೇಶನ್ ಮಾಡಿ ಎಷ್ಟು ದಿನಾ ಪಟ್ಟಿ ಕಟ್ಟಿ ಮಲಗಿಸಿದ್ರು! ಆ ಡಾಕ್ಟರ್ ಎಲ್ಲಿರ್ತಾನ ಹೇಳು, ಇನ್ನೊಂದು ಕಣ್ಣು ಅಲ್ಲೇ ಮಾಡಸ್ತೇನಿ.”

ಸಿಂದಗಿ ಗದ್ದಲ

ಸಿಂದಗ್ಯಾಗ ಕ್ರಿಕೆಟ್ ಮ್ಯಾಚ್. ಮಂದಿ ಆಟ ಬಿಟ್ಟು ನನ್ನ ನೋಡಾಕ ಬಂತು. “ಮಾವಾರ, ನನ್ನ ಮುಂದ ಯಾರೂ ನಿಂದ್ರಬಾರ್ದು, ಡ್ರೋನ್ ಆ ಕಡೆ ಐತಿ” ಅಂತ ಹೇಳಿ ಗಾಗಲ್ ಹಾಕ್ಕೊಂಡೆ. ಮಾವಗ ಹಳೇ ಹುರುಪು ಬಂತು. ಸೀಟಿ ಊದಿ ಶುರು ಹಚ್ಚಿದ್ರು: “ಮುಂದ ಸರೀರಿ! ಮುಂದ ಸರೀರಿ! ಬಾಗಲದಾಗ ನಿಂದ್ರಬ್ಯಾಡ್ರಿ, ಮುಂದ ಭಾಳ ಜಾಗ ಐತಿ!”

ಹಿಂದಿದ್ದವರನ್ನೂ, ಬಾಜೂಕ ಇದ್ದವರನ್ನೂ ದಬ್ಬಿ ದಬ್ಬಿ ನನ್ನ ಮುಂದನ ತಂದು ತುಂಬಿದ್ರು. ಚಿತ್ರ ಹೋತು. ನಾ ಚೀರಿದ್ರ ಮಾವ ಅಂದ್ರು, “ಒಬ್ಬನ್ನೂ ಕೆಳಗ ಇಳಿಸಿಲ್ಲ ಅಳಿಯಾರ, ಎಲ್ಲಾರೂ ಹತ್ಯಾರ. ರೈಟ್!”

ಆಯೇರಿ

ಬಂತಲ್ಲರಿ ಮದುವಿ, ಮುದ್ದೇಬಿಹಾಳದಾಗ. ಬಾಗೇವಾಡಿಯಿಂದ ಬೀಗರು ಮೂರು ಗಾಡಿ ತುಂಬಿ ಬಂದಿದ್ರು. ನಾ ಕಲ್ಯಾಣ ಮಂಟಪದ ಮಾಳಿಗಿ ಹತ್ತಿದೆ. ಮುಂದ ಗ್ವಾಡಿಲ್ಲ, ಗಿಡಿಲ್ಲ. ನೀರಿನ ಟಾಕಿ ಬೆನ್ನ ಹಿಂದ. ಗಾಗಲ್‌ನ ಆಂಟೆನಾ ಎರಡೂ ನೆಟ್ಟಗ. ಮಾವ ಪಾವಟಿಗಿ ಬಾಯಾಗ ನಿಂತು, “ಒಂದು ನೊಣಾನೂ ಮ್ಯಾಲೆ ಬಿಡಂಗಿಲ್ಲ” ಅಂದ್ರು. ನಾ ಗಾಗಲದಾಗ ನೋಡೋದನ್ನ ಕೆಳಗ ಪೆಂಡಾಲದ ದೊಡ್ಡ ಪಡದಿ ಮ್ಯಾಲೆ ಎಲ್ಲಾರೂ ನೋಡಾಕತ್ತಿದ್ರು.

ಹಲಗಿ ಬಡೀತು. ಡ್ರೋನ್ ಮದುಮಗನ ತಲಿ ಮ್ಯಾಲಿಂದ ತೋರಣದ ಕೆಳಗ ಸುಂಯ್ ಅಂತ ನುಗ್ಗಿ ಹೊರಗ ಬಂತು. ಚಪ್ಪಾಳಿ, ಸೀಟಿ! “ಶಹಬ್ಬಾಸ್ ಅಳಿಯಾರ!” ಅಂದ್ರು ಮಾವ. ಎದಿ ತುಂಬಿ ಬಂತರಿ ನನಗ.

ಅಷ್ಟರಾಗ ತಲಿ ಮ್ಯಾಲೆ ಏನೋ ಒತ್ತಿದಂಗಾತು. ಚಿತ್ರ ಕರ್ರಗ.

ನಮ್ಮ ಕಡೆ ಮದುವ್ಯಾಗ ಬಳಗದವರಿಗೆ ಟೊಪ್ಪಿಗಿ-ಟವಲ್ ಉಡುಗೊರಿ ಕೊಟ್ಟು ಆಯೇರಿ ಮಾಡಬೇಕು. ಹಿರೇ ಅಳಿಯಂದು ತಪ್ಪಿದ್ರ ಸಾಯೋತನಕ ಮಾತು ಕೇಳಬೇಕು. ಯಾರನ್ನೂ ಮ್ಯಾಲೆ ಬಿಡಬಾರ್ದಲ್ಲ, ಅದಕ್ಕ ಮಾವ ತಾವ ಆಯೇರಿ ತಂದು, ಆಂಟೆನಾ ಎರಡೂ ಒಳಗ ಮಡಚಿ ಹೋಗೂವಂಗ ಟೊಪ್ಪಿಗಿ ಒತ್ತಿ, ನನ್ನ ಮುಂದನ ಹೊಟ್ಟಿ ಅಡ್ಡ ಹಿಡದು ನಿಂತಿದ್ರು. “ನೀವೇನ್ ಅಲಗಾಡಬ್ಯಾಡ್ರಿ, ನಿಮ್ಮ ಕೆಲಸ ನಡೀಲಿ” ಅಂತ ಮೆಲ್ಲಕ ಬ್ಯಾರೆ ಹೇಳ್ತಾರ!

ಚಿತ್ರ ಹೋದ್ರ ಡ್ರೋನ್ ಮ್ಯಾಲೆ ಏರಸಬೇಕು. ಏರಿಸಿದೆ. ಒಂದು ಕೈಲೆ ಟೊಪ್ಪಿಗಿ ಕಿತ್ತು ಒಗದು ಆಂಟೆನಾ ನೆಟ್ಟಗ ಮಾಡಿದೆ. ಚಿತ್ರ ಬಂತು: ಮಾಳಿಗಿ ಮ್ಯಾಲೆ ನಾನು, ಮಾವ ಬಗ್ಗಿ ಟೊಪ್ಪಿಗಿ ಆರಸಾಕತ್ತಾರ.

“ಆಯೇರಿ ಟೊಪ್ಪಿಗಿ ಒಗೀತಾರೇನ್ರಿ? ಮಂಗಳ ಕಾರ್ಯದಾಗ!” ಅಂತ ಮತ್ತ ಹಾಕಿದ್ರು. ಕರ್ರಗ.

ನಾ ತೆಗದೆ. ಚಿತ್ರ ಬಂತು: ಮಾವ ಎರಡೂ ಕೈಯಾಗ ಟೊಪ್ಪಿಗಿ ಹಿಡಕೊಂಡು ಬರಾಕತ್ತಾರ. ಕರ್ರಗ.

ಕೆಳಗ ಇಡೀ ಪೆಂಡಾಲ ಹೊಟ್ಟಿ ಹಿಡಕೊಂಡು ನಗಾಕತ್ತಿತ್ತು. ಮದುಮಗಳ ನಗಿ ಅಂತೂ ಮಾಳಿಗಿತನಕ ಕೇಳಸ್ತು. ಹೆಂಗೋ ಡ್ರೋನ್ ಇಳಿಸಿ, ಗಾಗಲ್ ತೆಗದು, ಅಳುಮಾರಿ ಮಾಡಿಕೊಂಡು ಕೇಳಿದೆ: “ಚಿತ್ರ ಕಡೀತು ಮಾವಾರ. ನಾಳಿಂದ ಸಿಮೆಂಟ್ ಅಂಗಡಿ ಏನ್ರಿ?”

ಮಾವ ನನ್ನ ನೋಡಿದ್ರು, ಡ್ರೋನ್ ನೋಡಿದ್ರು. ಟೊಪ್ಪಿಗಿ ಧೂಳಾ ಝಾಡಿಸಿ ತಮ್ಮ ತಲಿಗೇ ಇಟಕೊಂಡ್ರು.

“ಕರಾರು ಅಂದ್ರ ಕರಾರು, ಅಳಿಯಾರ. ಆದ್ರ ಕಡದಾಂವ ನಾನು. ನಾಳಿಂದ ಅಂಗಡ್ಯಾಗ ನಾನ ಕುಂದ್ರತೇನಿ.”