ಮಾವನವರ ಚುಟ್ಟದ ಬಣ್ಣ

ಯಾರ ಹತ್ತಿರವಾದರೂ ಏನಾದರೂ ಕೇಳುವುದು ನನ್ನ ಕೈಲಾಗದ ಕೆಲಸ. ‘ಇಲ್ಲಿ ನಿಲ್ಲಿಸಿ’ ಎಂದು ಕಂಡಕ್ಟರನ್ನು ಕೇಳಲಾಗದೆ ಮುಂದಿನ ಊರಿನಲ್ಲಿ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದು ಬಂದವನು ನಾನು. ಬೀಗರ ಮನೆಯ ಊಟದಲ್ಲಿ ಎರಡನೆಯ ಸಲ ಸಾರು ಕೇಳಿದವನಲ್ಲ. ತರಗತಿಯಲ್ಲಿ ಮಾತ್ರ ದಿನವಿಡೀ ಪ್ರಶ್ನೆ ಕೇಳುತ್ತೇನೆ. ನಾನು ಯಳಂದೂರಿನಲ್ಲಿ ಲೆಕ್ಕದ ಮೇಷ್ಟ್ರು; ಅಲ್ಲಿ ಉತ್ತರ ನನಗೆ ಮೊದಲೇ ಗೊತ್ತಿರುತ್ತದೆ. ಇಂಥವನಿಗೆ ದೇವರು ಕೌದಳ್ಳಿಯಲ್ಲಿ ಮಾತೇ ಆಡದ ಒಬ್ಬ ಮಾವನನ್ನು ಕೊಟ್ಟ.

ನನ್ನ ಮದುವೆಯಾದಾಗ ಕೌದಳ್ಳಿ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಐವತ್ತಾರರಲ್ಲಿ ಕೊಳ್ಳೇಗಾಲ, ಹನೂರಿನ ಕಡೆಯೆಲ್ಲ ಮೈಸೂರಿಗೆ ಬಂತು. ಮಾವನವರು ಮಾತ್ರ ನನ್ನ ಪಾಲಿಗೆ ಬೇರೆ ರಾಜ್ಯವಾಗಿಯೇ ಉಳಿದರು. ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂರುತ್ತಿದ್ದರು. ಪಕ್ಕದಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಚುಟ್ಟ. ಕೆಲವು ಗೋಧಿ ಬಣ್ಣದವು, ಕೆಲವು ಬೆಲ್ಲದ ಬಣ್ಣದವು, ತಳದಲ್ಲಿ ನಾಲ್ಕೈದು ಕರಿಯವು. ಬಂದವರಿಗೆಲ್ಲ ‘ಬನ್ನಿ’ ಎಂದೊಂದು ಮಾತು, ಆಮೇಲೆ ಬರೀ ಹೊಗೆ.

ಈ ಹೊಗೆಯ ಭಾಷೆಯನ್ನು ನನಗೆ ಹೇಳಿಕೊಟ್ಟವನು ನನ್ನ ಷಡ್ಡಕ, ಅಂದರೆ ನನ್ನಾಕೆಯ ಅಕ್ಕನ ಗಂಡ. ನನಗಿಂತ ಆರು ವರ್ಷ ಮೊದಲು ಆ ಮನೆಗೆ ಅಳಿಯನಾದವನು, ಅನುಭವಸ್ಥ. ಮಾವ ಗೋಧಿ ಬಣ್ಣದ್ದು ಹಚ್ಚಿದರೆ ಏನು ಬೇಕಾದರೂ ಕೇಳಬಹುದಂತೆ. ಬೆಲ್ಲದ ಬಣ್ಣದ್ದಾದರೆ ಮಳೆ ಬೆಳೆ ವಿಚಾರಿಸಿ ಸುಮ್ಮನಿರಬೇಕಂತೆ. ಕರಿದು ಹಚ್ಚಿದರೋ, ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹಿಡಿಯಬೇಕಂತೆ. ಒಮ್ಮೆ ಅವನು ಒಂದು ಜೊತೆ ಎತ್ತು ಕೇಳಲು ಹೋದಾಗ ಮಾವ ಕರಿದು ಹಚ್ಚಿದರಂತೆ. ಇವನು ಎತ್ತಿನ ಸುದ್ದಿ ಎತ್ತದೆ ವಾಪಸು ಬಂದನಂತೆ. ಕೇಳದೆ ಬಂದವನಿಗೆ ಮಾವನ ಸಿಟ್ಟು ಹೇಗೆ ಗೊತ್ತಾಯಿತು ಎಂದು ನಾನು ಕೇಳಬೇಕಿತ್ತು. ಕೇಳುವ ಅಭ್ಯಾಸ ನನಗೆಲ್ಲಿತ್ತು?

ಐವತ್ತೇಳರಲ್ಲಿ ನನ್ನಾಕೆಗೆ ತವರಿನಲ್ಲಿ ಚೊಚ್ಚಲ ಹೆರಿಗೆಯಾಯಿತು, ಗಂಡು ಮಗು. ಬಾಣಂತಿಯನ್ನು ಗಂಡನ ಮನೆಗೆ ಕರೆತರುವುದು ಬೆಸ ತಿಂಗಳಲ್ಲಿ: ಐದರಲ್ಲಿ, ಏಳರಲ್ಲಿ, ತಪ್ಪಿದರೆ ಒಂಬತ್ತರಲ್ಲಿ. ಅದಕ್ಕೆ ಗಂಡಿನ ಕಡೆಯವರು ಹೋಗಿ, ಕಳಿಸಿಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ನಮ್ಮ ಕಡೆ ಕೇಳಲು ಹಿರಿಯರು ಯಾರೂ ಉಳಿದಿರಲಿಲ್ಲ. ಇದ್ದವನು ನಾನೊಬ್ಬನೇ.

ಐದನೆಯ ತಿಂಗಳಲ್ಲಿ ಹೋದೆ. ಮಾವನವರು ‘ಬನ್ನಿ’ ಎಂದು ಡಬ್ಬಿಯ ತಳಕ್ಕೆ ಕೈ ಹಾಕಿ ಕರಿದನ್ನು ತೆಗೆದರು. ಮಗುವನ್ನು ದೂರದಿಂದ ನೋಡಿ, ಉಂಡು, ಸ್ಕೂಲಿದೆ ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೊರಟೆ. ಅವತ್ತು ಭಾನುವಾರ. ಏಳನೆಯ ತಿಂಗಳಲ್ಲಿ ದಾರಿಯುದ್ದಕ್ಕೂ ‘ಕಳಿಸಿಕೊಡಿ ಮಾವ’ ಎಂದು ಬಾಯಿಪಾಠ ಮಾಡುತ್ತಾ ಹೋದೆ. ಮತ್ತೆ ಕರಿದು. ಈ ಸಲ ಊಟಕ್ಕೂ ನಿಲ್ಲಲಿಲ್ಲ, ಮಗುವನ್ನೂ ನೋಡಲಿಲ್ಲ. ಯಳಂದೂರಿನಲ್ಲಿ ನಾನೇ ಬೇಯಿಸಿದ ಅನ್ನ ಉಣ್ಣುತ್ತಾ, ನನ್ನಿಂದ ಏನು ತಪ್ಪಾಗಿರಬಹುದು, ನಾಮಕರಣದಲ್ಲಿ ಯಾರಿಗಾದರೂ ನಮಸ್ಕಾರ ಮಾಡುವುದು ಮರೆತೆನೇ ಎಂದು ಯೋಚಿಸಿ ಯೋಚಿಸಿ ಸೊರಗಿದೆ. ನಿದ್ದೆಯಲ್ಲೂ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು.

ಒಂಬತ್ತನೆಯ ತಿಂಗಳಿಗೆ ನನಗೊಂದು ಉಪಾಯ ಹೊಳೆಯಿತು. ಡಬ್ಬಿಯಲ್ಲಿ ಕರಿದೇ ಇಲ್ಲದಿದ್ದರೆ ಮಾವ ಸಿಟ್ಟಾಗುವುದಾದರೂ ಹೇಗೆ? ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ ಚುಟ್ಟ ಸುತ್ತುವ ಮುದುಕರೊಬ್ಬರ ಅಂಗಡಿಗೆ ಹೋಗಿ, ಒಂದು ಕಟ್ಟು ಬರೀ ಗೋಧಿ ಬಣ್ಣದ್ದೇ ಬೇಕೆಂದೆ. ಬಣ್ಣ ನೋಡಿ ಚುಟ್ಟ ಕೊಳ್ಳುವ ಸೇದದವನನ್ನು ಕಂಡು ಅವರಿಗೆ ನಗು ಬಂತು. “ಮೇಲಿನ ಎಲೆ ಅಂಗಿ ಇದ್ದಂಗೆ ಸಾ. ಖಾರ ಇರೋದು ಒಳಗಿನ ಎಲೇಲಿ,” ಎಂದರು. ನೆರಳಲ್ಲಿ ಬೆಳೆದದ್ದು ತೆಳು, ಅದಕ್ಕೆ ಬಣ್ಣವೂ ತಿಳಿ. ಬಲಿಯುವ ಮೊದಲೇ ಕಿತ್ತು ಅವಸರದಲ್ಲಿ ಒಣಗಿಸಿದರೆ ಹಸಿರು ಉಳಿದುಬಿಡುತ್ತದೆ. ಗಿಡದ ತುದಿಯಲ್ಲಿ ಬಿಸಿಲು ಕುಡಿದು ಬಲಿತ ದಪ್ಪ ಎಲೆಯನ್ನು ರಾಶಿ ಹಾಕಿ ತಿಂಗಳುಗಟ್ಟಲೆ ಹದ ಮಾಡಿದರೆ ಕಪ್ಪಾಗುತ್ತದೆ ಎಂದು ಒಂದೊಂದೇ ಎತ್ತಿ ತೋರಿಸಿದರು. ಕರಿದು ನಿಧಾನವಾಗಿ ಉರಿಯುತ್ತದಂತೆ, ಒಂದು ಗಂಟೆ ಬರುತ್ತದಂತೆ. ಒಂದು ಗಂಟೆ ಉರಿಯುವ ಸಿಟ್ಟು ಎಂದು ನಾನು ಅರ್ಥ ಮಾಡಿಕೊಂಡೆ.

ಕೌದಳ್ಳಿಗೆ ಹೋದಾಗ ಮಾವ ಹೊಲದಲ್ಲಿದ್ದರು. ಜಗಲಿಯಲ್ಲಿ ಯಾರೂ ಇರಲಿಲ್ಲ. ಡಬ್ಬಿ ತೆಗೆದು, ತಳದಲ್ಲಿದ್ದ ಐದೂ ಕರಿ ಚುಟ್ಟಗಳನ್ನು ನನ್ನ ಕೊಡೆಯೊಳಗೆ ಇಳಿಬಿಟ್ಟು, ಮಡಿಸಿ, ತೊಡೆಯ ಮೇಲಿಟ್ಟುಕೊಂಡು ಕೂತೆ. ಮೂವತ್ತು ಹುಡುಗರಿಗೆ ಕಳ್ಳತನ ಮಾಡಬಾರದೆಂದು ಹೇಳುವ ಮೇಷ್ಟ್ರು!

ಮಾವ ಬಂದರು. ‘ಬನ್ನಿ’ ಎಂದರು. ನಾನು ಕಟ್ಟನ್ನು ಎರಡೂ ಕೈಯಿಂದ ಕೊಟ್ಟೆ. ಅವರು ಅದನ್ನು ಪಕ್ಕಕ್ಕಿಟ್ಟು ಡಬ್ಬಿಗೆ ಕೈ ಹಾಕಿದರು. ತಡಕಿದರು. ಡಬ್ಬಿಯನ್ನೇ ಚಾಪೆಯ ಮೇಲೆ ಬೋರಲು ಹಾಕಿದರು. ಆಮೇಲೆ ಒಳಗಿದ್ದ ಅತ್ತೆಯನ್ನು ಕೂಗಿದರು.

“ಕರೀವ ಯಾರಮ್ಮಿ ತಕಂಡೋರು? ಅಳಿಯಂದ್ರು ಬಂದವ್ರೆ. ಅದ ಅಚ್ಕಂಡ್ರೆ ಒಂದ್ ಗಂಟೆ ಕುಂತು ಮಾತಾಡ್ಬೋದು ಅಂತ ಮಡಗಿದ್ದೆ. ಇವು ಕುಂತ್ಕಳದ್ರೊಳಗೇ ಮುಗ್ದೋಯ್ತವೆ.”

ನಾನು ಎದ್ದು ನಿಂತೆ. ಏಕೆ ಎದ್ದೆನೋ ಗೊತ್ತಿಲ್ಲ. ಕೊಡೆ ಕೈಯಲ್ಲೇ ಬಿಚ್ಚಿಕೊಂಡು ಐದೂ ಚುಟ್ಟಗಳು ಜಗಲಿಯ ಮೇಲೆ ಉದುರಿದವು. ಮಾವ ಚುಟ್ಟ ನೋಡಿದರು, ಕೊಡೆ ನೋಡಿದರು, ನನ್ನನ್ನು ನೋಡಿದರು. ಇನ್ನು ಹೋಗಲು ಮಾನ ಏನೂ ಉಳಿದಿರಲಿಲ್ಲವಾದ್ದರಿಂದ ನನ್ನ ಬಾಯಿಂದ ಮಾತು ಹೊರಬಿತ್ತು. “ಮಾವ, ಮನೇವಳನ್ನ, ಮಗೂನ ಕಳಿಸಿಕೊಡಿ.”

ಅವರು ಒಂದನ್ನು ಎತ್ತಿ ಧೂಳು ಒರೆಸಿ ನಿಧಾನವಾಗಿ ಹಚ್ಚಿಕೊಂಡರು. “ಎರಡ್ ಸಲ ಬಂದ್ರಿ, ಕೇಳ್ದೆ ಒಂಟೋದ್ರಿ,” ಎಂದರು. “ಎಣ್ಣಿನ ಕಡೆಯೋರು ನಾವಾಗೇ ಕರ್ಕಂಡೋಗಿ ಅಂದ್ರೆ, ಮಗಳು ಬಾರವಾದ್ಲು ಅಂದಂಗಾಯ್ತದೆ. ನಿಮಗೇ ಬ್ಯಾಡ್ವೇನೋ ಅಂತ ನಿಮ್ಮತ್ತೆ ದಿನಾ ಅಳೋಳು.”

ಅವತ್ತು ಆ ಚುಟ್ಟ ಮುಗಿಯುವವರೆಗೂ ಅವರೇ ಮಾತಾಡಿದರು. ಎತ್ತು, ಹೊಲಕ್ಕೆ ನುಗ್ಗುವ ಕಾಡುಹಂದಿ, ಮೊಮ್ಮಗನ ಮೂಗು. ನನ್ನಂತೆ ಅವರಿಗೂ ಮಾತು ಶುರು ಮಾಡುವುದೇ ಕಷ್ಟವಂತೆ, ಆರಂಭಕ್ಕೆ ಸ್ವಲ್ಪ ಹೊತ್ತು ಬೇಕಂತೆ. ಆ ಸ್ವಲ್ಪ ಹೊತ್ತಿಗೆ ಮೊದಲೇ ನಾನು ಪ್ರತಿ ಸಲ ಬಸ್ಸಿನಲ್ಲಿರುತ್ತಿದ್ದೆ.

ವಾಪಸು ಬರುವಾಗ ಬಸ್ಸು ಹನೂರು ದಾಟಿತು. ನನ್ನಾಕೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: “ಐದ್ರಲ್ಲೂ ಬಟ್ಟೆ ಗಂಟು ಕಟ್ಟಿದ್ದೆ, ಏಳ್ರಲ್ಲೂ ಕಟ್ಟಿದ್ದೆ. ನೀವು ಒಂಟೋದ್ಮೇಲೆ ಅವ್ವ ಬಿಚ್ಚೋಳು. ಬಾಗ್ಲಲ್ಲೇ ನಿಂತಿದ್ದೆ ನಾನು. ಅಪ್ಪನ ಕೈ ನೋಡೋ ಬದ್ಲು ನನ್ ಮೊಕ ಒಂದ್ ಸಲ ನೋಡ್ಬೋದಿತ್ತು.”

ನಾನು ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಅದು ನನ್ನನ್ನು ಯಾರೋ ಕಳ್ಳನೆಂಬಂತೆ ಕಣ್ಣರಳಿಸಿ ನೋಡಿ, ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ, ಯಳಂದೂರು ಬರುವವರೆಗೂ ಅತ್ತಿತು. ಬಸ್ಸಿನಲ್ಲಿದ್ದ ಹೆಂಗಸೊಬ್ಬರು, ಮಗು ಅಪ್ಪನನ್ನು ಎಷ್ಟು ದಿನದಿಂದ ನೋಡಿಲ್ಲ ಎಂದು ವಿಚಾರಿಸಿದರು. ಐದರಿಂದ ಒಂಬತ್ತಕ್ಕೆ ಎಷ್ಟು ಎಂಬ ಲೆಕ್ಕ ಲೆಕ್ಕದ ಮೇಷ್ಟ್ರ ಬಾಯಿಂದ ಹೊರಡಲೇ ಇಲ್ಲ. ಉತ್ತರವನ್ನು ನನ್ನಾಕೆಯೇ ಹೇಳಿದಳು.